ಜಗಲಿಯ ಒದ್ದೆ ಹೆಜ್ಜೆ ಮತ್ತು ಓಟದ ಶೂ

ನಮ್ಮ ಕಾಸರಗೋಡಿನ ಕಡೆ ಹೊರಗಿನಿಂದ ಬಂದವರು ಅಂಗಳದ ಮೂಲೆಯಲ್ಲಿ ಕಾಲಿಗೆ ಒಂದು ಚೆಂಬು ನೀರು ಹೊಯ್ದುಕೊಂಡೇ ಜಗಲಿ ಹತ್ತುವುದು. ನಮ್ಮ ಮನೆಯ ಜಗಲಿ ಹಳೆಯ ಕೆಂಪು ಸಿಮೆಂಟಿನದು. ಒದ್ದೆ ಕಾಲಿಟ್ಟರೆ ಹೆಜ್ಜೆ ಅಚ್ಚೊತ್ತಿದ ಹಾಗೆ ಕಾಣುತ್ತದೆ. ಎರಡು ನಿಮಿಷದಲ್ಲಿ ಆರಿಹೋಗುತ್ತದೆ.

ಒಂದು ಸಂಜೆ ಮೂವರೂ ಒಟ್ಟಿಗೆ ಒಳಗೆ ಬಂದಾಗ ಆ ಹೆಜ್ಜೆಗಳನ್ನು ಕೂತು ನೋಡಿದೆ. ಅಮ್ಮನದ್ದು ಮುಂದೆ ಬೆರಳುಗಳ ಚುಕ್ಕೆ, ಹಿಂದೆ ಹಿಮ್ಮಡಿಯ ಗುಂಡು, ನಡುವೆ ಹೊರಗಿನ ಅಂಚಿನಲ್ಲಿ ದಾರದಂಥ ಒಂದು ಗೆರೆ ಅಷ್ಟೆ. ಮಗಳದ್ದು ಅಷ್ಟಮಿಗೆ ಅಕ್ಕಿಹಿಟ್ಟಿನಲ್ಲಿ ಮುಷ್ಟಿ ಅದ್ದಿ ನೆಲಕ್ಕೆ ಒತ್ತುತ್ತೇವಲ್ಲ, ಆ ಕೃಷ್ಣನ ಪಾದದ ಹಾಗೆ. ಹೊರಗಡೆ ತುಂಬಿ, ಒಳಗಡೆ ಚೆನ್ನಾಗಿ ಬಳುಕಿದ ಅಚ್ಚು. ನನ್ನದು ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಪೂರ್ತಿ ತುಂಬಿದ ಹೆಜ್ಜೆ. ಒಳಗಿನ ಬಳುಕು ಇಲ್ಲವೇ ಇಲ್ಲ.

ಅಂಗಡಿಯವರ ಮಾತಿನಲ್ಲಿ ಹೇಳುವುದಾದರೆ ಅಮ್ಮನದ್ದು ಎತ್ತರದ ಕಮಾನು, ಮಗಳದ್ದು ಸಾಧಾರಣ, ನನ್ನದು ಚಪ್ಪಟೆ ಪಾದ. ಓಟದ ಶೂ ಬಗ್ಗೆ ಎಲ್ಲಿ ಓದಿದರೂ ಮೊದಲು ಬರುವುದು ಈ ಒದ್ದೆ ಹೆಜ್ಜೆಯ ಪರೀಕ್ಷೆ. ಚಪ್ಪಟೆ ಪಾದಕ್ಕೆ ಗಟ್ಟಿ ಆಧಾರದ ಶೂ, ಎತ್ತರದ ಕಮಾನಿಗೆ ಮೆತ್ತನೆಯ ಶೂ, ನಡುವಿನವರಿಗೆ ನಡುವಿನದು. ಕೇಳಲಿಕ್ಕೆ ಎಷ್ಟು ಸರಳ, ಅಲ್ವಾ? ನಾನೂ ಇದನ್ನು ನಂಬಿದ್ದೆ. ಈಗ ಪೂರ್ತಿ ನಂಬುವುದಿಲ್ಲ. ಯಾಕೆ ಎಂದು ವಿವರವಾಗಿ ಹೇಳುತ್ತೇನೆ. ನಮ್ಮ ಊರಿನಲ್ಲಿ ಬೆಳಿಗ್ಗೆ ಓಡುವವರು ಜಾಸ್ತಿಯಾಗುತ್ತಿದ್ದಾರೆ, ಹೆಂಗಸರೂ ಬರುತ್ತಿದ್ದಾರೆ. ನಾಲ್ಕೈದು ಸಾವಿರ ರೂಪಾಯಿ ಕೊಟ್ಟು ನೋವು ತಂದುಕೊಳ್ಳುವುದು ಯಾರಿಗೂ ಬೇಡ.

ನಾನು ಓಡಲು ಶುರು ಮಾಡಿದ್ದು ನಲವತ್ತರ ಹತ್ತಿರ. ಧರ್ಮತ್ತಡ್ಕದ ಕಡೆಯ ರಸ್ತೆ, ವಾರಕ್ಕೊಮ್ಮೆ ಪೊಸಡಿಗುಂಪೆ ಗುಡ್ಡದ ಏರು. ಮೊದಲು ಮಕ್ಕಳ ಪಿಟಿ ಶೂನಂಥದ್ದೇ ಒಂದರಲ್ಲಿ ಓಡಿದೆ. ಆಮೇಲೆ ಗಡಿಯಾಚೆ, ಕರ್ನಾಟಕದ ಪೇಟೆಯ ಒಂದು ದೊಡ್ಡ ಅಂಗಡಿಗೆ ಹೋದೆ. ಅಲ್ಲಿ ಒಂದು ಹಲಗೆಯ ಮೇಲೆ ನಿಲ್ಲಿಸಿದರು. ಪರದೆಯ ಮೇಲೆ ನನ್ನ ಪಾದ ಬಣ್ಣಬಣ್ಣವಾಗಿ ಮೂಡಿತು. ಹುಡುಗ ನೋಡಿದ ಕೂಡಲೇ, "ಫ್ಲಾಟ್ ಫೂಟ್ ಮೇಡಂ, ಕಾಲು ಒಳಗೆ ವಾಲುತ್ತದೆ, ಇದೇ ಬೇಕು" ಎಂದು ಒಳ ಅಂಚಿನಲ್ಲಿ ಗಟ್ಟಿ ಫೋಮ್ ಇರುವ ಭಾರದ ಶೂ ಕೊಟ್ಟ. ಯಂತ್ರ ಹೇಳಿದ ಮೇಲೆ ಮಾತಿಲ್ಲ ಎಂದುಕೊಂಡೆ. ಮೂರು ವಾರದಲ್ಲಿ ಮೊಣಕಾಲಿನ ಹೊರಗಡೆ ನೋವು. ಜೊತೆಗೆ ಕಿರುಬೆರಳಿನ ಪಕ್ಕದಲ್ಲಿ ಬೊಕ್ಕೆ.

ಎಲ್ಲ ಶೂನದ್ದೇ ತಪ್ಪು ಎನ್ನಲಾರೆ. ಹೊಸ ಶೂ ಬಂದ ಉಮೇದಿನಲ್ಲಿ ಓಟವನ್ನೂ ಒಮ್ಮೆಲೇ ಜಾಸ್ತಿ ಮಾಡಿದ್ದೆ. ಓಟಗಾರರಿಗೆ ನೋವು ಬರುವ ಬಹಳ ದೊಡ್ಡ ಕಾರಣ ಅದೇ. ಆದರೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋದಾಗ ಅವರು ಮೊಣಕಾಲು ನೋಡುವ ಮೊದಲು ಶೂ ಕೈಗೆ ತೆಗೆದುಕೊಂಡರು. ಒಳಗಿನ ತೆಳು ಅಟ್ಟೆಯನ್ನು, ಅಂದರೆ ಇನ್‌ಸೋಲನ್ನು ಎಳೆದು ಬೆಳಕಿಗೆ ಹಿಡಿದರು. ಬೆವರಿನಿಂದ ಅದರ ಮೇಲೆ ಪಾದದ ಕಪ್ಪು ಅಚ್ಚು ಬಿದ್ದಿತ್ತು. ನಾಲ್ಕು ಬೆರಳಿನ ಗುರುತು ಇತ್ತು. ಐದನೆಯದು ಇರಲಿಲ್ಲ. ಕಿರುಬೆರಳು ಅಟ್ಟೆಯ ಅಂಚಿನಿಂದ ಹೊರಗೆ, ಶೂನ ಗೋಡೆಯ ಮೇಲೆ ಹತ್ತಿ ಕೂತಿತ್ತು. "ಕಮಾನು ಆಮೇಲೆ ನೋಡುವ. ಮೊದಲು ನಿಮ್ಮ ಪಾದ ಈ ಶೂ ಒಳಗೆ ಹಿಡಿಸುವುದೇ ಇಲ್ಲ" ಎಂದರು.

ಕಮಾನು ಎಂದರೆ ಎಂತ

ಒಂದೊಂದು ಪಾದದಲ್ಲೂ 26 ಮೂಳೆಗಳಿವೆ. ಅವುಗಳನ್ನು ಕಟ್ಟಿ ಹಿಡಿಯುವ ನಾರು, ಸ್ನಾಯು ಸೇರಿ ಒಳಗಡೆ ಒಂದು ಕಮಾನು ಆಗಿದೆ. ಸೇತುವೆಯ ಕಮಾನಿನಂತೆ ಅದು ಗಟ್ಟಿಯಾಗಿ ನಿಂತದ್ದಲ್ಲ. ಬಿಲ್ಲಿನ ಹಾಗೆ ಬಾಗುತ್ತದೆ, ಮತ್ತೆ ಮೇಲೇಳುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ನಮ್ಮ ತೂಕದ ಎರಡರಿಂದ ಮೂರು ಪಟ್ಟು ಬಲ ಪಾದದ ಮೇಲೆ ಬೀಳುತ್ತದೆ. ಒಂದು ಕಿಲೋಮೀಟರಿಗೆ ಸಾವಿರದ ಆಸುಪಾಸಿನಲ್ಲಿ ಹೆಜ್ಜೆ. ಈ ಪೆಟ್ಟನ್ನು ಮೊದಲು ನುಂಗಿಕೊಳ್ಳುವುದು ಪಾದವೇ.

ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ ದಾರಿಯಲ್ಲಿ ಬರಿಗಾಲಲ್ಲಿ ನಿಧಾನ ನಡೆದು ನೋಡಿ. ಮೊದಲು ಹಿಮ್ಮಡಿಯ ಹೊರ ಅಂಚು ನೆಲ ಮುಟ್ಟುತ್ತದೆ. ಆಮೇಲೆ ಪಾದ ಸ್ವಲ್ಪ ಒಳಕ್ಕೆ ವಾಲಿ, ಕಮಾನು ತಗ್ಗಿ, ಕಲ್ಲಿನ ಉಬ್ಬುತಗ್ಗಿಗೆ ಹೊಂದಿಕೊಳ್ಳುತ್ತದೆ. ಈ ವಾಲುವಿಕೆಗೇ ಪ್ರೊನೇಶನ್ ಎನ್ನುವುದು. ಅಂಗಡಿಯಲ್ಲಿ ಈ ಶಬ್ದವನ್ನು ರೋಗದ ಹೆಸರಿನ ಹಾಗೆ ಹೇಳುತ್ತಾರೆ. ಅದು ರೋಗ ಅಲ್ಲ. ಪ್ರತಿಯೊಬ್ಬರ ಪಾದವೂ ಹಾಗೆ ವಾಲಲೇಬೇಕು, ಇಲ್ಲದಿದ್ದರೆ ಪೆಟ್ಟು ನೇರ ಮೇಲಕ್ಕೆ ಹೋಗುತ್ತದೆ. ಕೆಲವರದ್ದು ಜಾಸ್ತಿ ವಾಲುತ್ತದೆ, ಕೆಲವರದ್ದು ಕಡಿಮೆ. ಎತ್ತರದ ಕಮಾನಿನವರದ್ದು ಹೆಚ್ಚಾಗಿ ಕಡಿಮೆ, ತೂಕ ಹೊರ ಅಂಚಿನಲ್ಲೇ ನಿಲ್ಲುತ್ತದೆ.

ಹೆಜ್ಜೆ ಎತ್ತುವಾಗ ಇನ್ನೊಂದು ಚಂದದ ಕೆಲಸ ನಡೆಯುತ್ತದೆ. ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಅಂಗಾಲಿನಲ್ಲಿ ಒಂದು ದಪ್ಪ ನಾರಿನ ಪಟ್ಟಿ ಇದೆ. ಹೆಬ್ಬೆರಳು ಮೇಲಕ್ಕೆ ಮಡಿದಾಗ ಆ ಪಟ್ಟಿ ಬುಡದಲ್ಲಿ ಸುತ್ತಿಕೊಂಡು ಬಿಗಿಯಾಗುತ್ತದೆ. ಬಾವಿಯ ರಾಟೆಗೆ ಹಗ್ಗ ಬಿಗಿದ ಹಾಗೆ. ಪಟ್ಟಿ ಬಿಗಿಯಾದ ಕೂಡಲೇ ಕಮಾನು ಮೇಲೇಳುತ್ತದೆ, ಮೆತ್ತಗಿದ್ದ ಪಾದ ಗಟ್ಟಿಯಾಗಿ ನಿಮ್ಮನ್ನು ಮುಂದಕ್ಕೆ ತಳ್ಳುತ್ತದೆ. ಇದನ್ನು ಕಣ್ಣಾರೆ ನೋಡಬಹುದು. ನೆಲದ ಮೇಲೆ ನಿಂತುಕೊಳ್ಳಿ, ಬೇರೆಯವರು ನಿಮ್ಮ ಹೆಬ್ಬೆರಳನ್ನು ಮೆಲ್ಲ ಮೇಲಕ್ಕೆ ಎತ್ತಲಿ. ಕಮಾನು ಏಳುವುದು ಕಾಣುತ್ತದೆ.

ನನ್ನ ಕಾಲಿನಲ್ಲೂ ಎದ್ದಿತು. ಫಿಸಿಯೋಥೆರಪಿಸ್ಟ್ ಮಾಡಿಸಿದ ಮೊದಲ ಪರೀಕ್ಷೆ ಅದೇ. ಎರಡನೆಯದು, ತುದಿಗಾಲಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿದ್ದು. ಚಪ್ಪಟೆ ಎಂದು ಯಂತ್ರ ಹೇಳಿದ ಪಾದದಲ್ಲಿ ಒಳ್ಳೇ ಕಮಾನು ಮೂಡಿತು. ನಿಂತಾಗ ಚಪ್ಪಟೆಯಾಗಿ, ತುದಿಗಾಲಲ್ಲಿ ಕಮಾನು ಏಳುವ ಪಾದಕ್ಕೆ ಮೃದು ಚಪ್ಪಟೆ ಪಾದ ಎನ್ನಬಹುದು. ತುಂಬಾ ಜನರದ್ದು ಇಂಥದ್ದೇ, ನೋವಿಲ್ಲದಿದ್ದರೆ ಚಿಕಿತ್ಸೆಯ ಅಗತ್ಯವೂ ಇಲ್ಲ. ಹೇಗೆ ನಿಂತರೂ ಕಮಾನು ಮೂಡದೆ, ಪಾದ ಬಿಗಿಯಾಗಿದ್ದರೆ ಅದು ಬೇರೆ. ಅದನ್ನು ಮೂಳೆ ವೈದ್ಯರಿಗೆ ತೋರಿಸಬೇಕು. ಒದ್ದೆ ಹೆಜ್ಜೆಗೆ ಈ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದು ನಿಂತ ಪಾದದ ಚಿತ್ರ. ಓಡುವ ಪಾದ ಎಂತ ಮಾಡುತ್ತದೆ ಎನ್ನುವುದು ಅದರಲ್ಲಿ ಇಲ್ಲ.

ಮೂರು ಪಾದಕ್ಕೆ ಮೂರು ಶೂ: ಪರೀಕ್ಷೆ ಮಾಡಿದಾಗ

ಅಮೆರಿಕದಲ್ಲಿ 1970ರ ದಶಕದಲ್ಲಿ ಸಾಮಾನ್ಯ ಜನ ರಸ್ತೆಗಿಳಿದು ಓಡಲು ಶುರು ಮಾಡಿದರು. ನೋವುಗಳೂ ಬಂದವು. ಪಾದ ಒಳಕ್ಕೆ ವಾಲುವುದೇ ನೋವಿಗೆ ಕಾರಣ, ಅದನ್ನು ತಡೆದರೆ ಸರಿಯಾಗುತ್ತದೆ ಎಂಬ ಲೆಕ್ಕದಲ್ಲಿ ಶೂಗಳು ಮೂರು ಪಂಗಡವಾದವು. ವಾಲುವುದನ್ನು ತಡೆಯುವ ಮೋಷನ್ ಕಂಟ್ರೋಲ್, ಸ್ವಲ್ಪ ಆಧಾರ ಕೊಡುವ ಸ್ಟೆಬಿಲಿಟಿ, ಮೆತ್ತನೆಯ ನ್ಯೂಟ್ರಲ್. ಇವತ್ತಿಗೂ ಅಂಗಡಿಯ ಕಪಾಟುಗಳು ಹೆಚ್ಚುಕಡಿಮೆ ಹೀಗೇ ಇವೆ.

ಈ ಲೆಕ್ಕ ಸರಿಯೇ ಎಂದು ದೊಡ್ಡ ಮಟ್ಟದಲ್ಲಿ ನೋಡಿದ್ದು ಅಮೆರಿಕದ ಸೈನ್ಯ. 2010ರ ಆಸುಪಾಸಿನಲ್ಲಿ ಭೂಸೇನೆ, ವಾಯುಸೇನೆ, ಮರೀನ್ ಮೂರರಲ್ಲೂ ತರಬೇತಿಗೆ ಬಂದ ಸಾವಿರಾರು ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಅಂಗಾಲಿನ ಆಕಾರ ನೋಡಿ ಅದಕ್ಕೆ ತಕ್ಕ ಶೂ ಕೊಟ್ಟರು. ಇನ್ನೊಂದು ಗುಂಪಿಗೆ ಪಾದ ಹೇಗೇ ಇರಲಿ, ಎಲ್ಲರಿಗೂ ಒಂದೇ ಸ್ಟೆಬಿಲಿಟಿ ಶೂ. ತರಬೇತಿ ಮುಗಿಯುವಾಗ ಎರಡೂ ಗುಂಪಿನಲ್ಲಿ ಗಾಯ, ನೋವು ಹೆಚ್ಚುಕಡಿಮೆ ಒಂದೇ. ಆಕಾರ ನೋಡಿ ಕೊಟ್ಟದ್ದರಿಂದ ಹೇಳುವಂಥ ಲಾಭ ಆಗಲಿಲ್ಲ.

ಡೆನ್ಮಾರ್ಕಿನಲ್ಲಿ 2014ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಸರಳ. ಹೊಸದಾಗಿ ಓಡಲು ಹೊರಟ 927 ಜನರಿಗೆ ಒಂದೇ ಬಗೆಯ ನ್ಯೂಟ್ರಲ್ ಶೂ ಕೊಟ್ಟು ಒಂದು ವರ್ಷ ನೋಡಿದರು. ಸ್ವಲ್ಪ ಒಳಕ್ಕೆ ವಾಲುವ ಪಾದದವರಿಗೆ ನೋವು ಜಾಸ್ತಿ ಬರಬೇಕಿತ್ತು. ಬರಲಿಲ್ಲ.

ಹಾಗಾದರೆ ಆಧಾರ ಕೊಡುವ ಶೂ ಪೂರ್ತಿ ವ್ಯರ್ಥವೇ? ಹಾಗೂ ಅಲ್ಲ. ಲಕ್ಸೆಂಬರ್ಗಿನಲ್ಲಿ 372 ಓಟಗಾರರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಾದ ಒಳಕ್ಕೆ ವಾಲುವವರಿಗೆ ಆಧಾರದ ಶೂನಿಂದ ಗಾಯ, ನೋವು ಕಡಿಮೆಯಾದದ್ದು ಕಂಡಿತು. ಅಂದರೆ ಕೆಲವರಿಗೆ ಅದು ಒಳ್ಳೆಯದೇ. ನನ್ನ ಸಹೋದ್ಯೋಗಿಯೊಬ್ಬರು ಅಂಥ ಶೂನಲ್ಲೇ ಹಾಯಾಗಿ ಓಡುತ್ತಾರೆ, ಬಿಡಿ ಎಂದು ನಾನು ಹೇಳುವುದೂ ಇಲ್ಲ. ನಾನು ಬೇಡ ಎನ್ನುವುದು ಒಂದೇ ಒಂದನ್ನು: ಹೆಜ್ಜೆಯ ಅಚ್ಚನ್ನೋ ಯಂತ್ರದ ಬಣ್ಣವನ್ನೋ ನೋಡಿ, ಕಾಲು ಎಂತ ಹೇಳುತ್ತದೆ ಎಂದು ಕೇಳದೆಯೇ ಶೂ ತೀರ್ಮಾನ ಮಾಡುವುದನ್ನು.

ಕಾಲು ಹೇಳುವುದನ್ನು ಕೇಳಬೇಕು ಎನ್ನುವುದಕ್ಕೂ ಆಧಾರ ಇದೆ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ಬೆನ್ನೊ ನಿಗ್ ಎಂಬ ಸಂಶೋಧಕರ ತಂಡ 2001ರಲ್ಲಿ ಪ್ರಕಟಿಸಿದ ಕೆಲಸ ಅದು. ಸೈನಿಕರಿಗೆ ಆರು ಬಗೆಯ ಇನ್‌ಸೋಲ್ ತೋರಿಸಿ, ಯಾವುದು ಹಿತವೋ ಅದನ್ನು ತೆಗೆದುಕೊಳ್ಳಿ ಎಂದರು. ತಮಗೆ ಹಿತವಾದದ್ದನ್ನು ಹಾಕಿಕೊಂಡವರಿಗೆ, ಇನ್‌ಸೋಲ್ ಇಲ್ಲದ ಸೈನಿಕರಿಗಿಂತ ನೋವು ಕಡಿಮೆಯಾಯಿತು. ಒಬ್ಬರು ಮೆತ್ತನೆಯದು ತೆಗೆದುಕೊಂಡರೆ ಇನ್ನೊಬ್ಬರು ಗಟ್ಟಿಯದು. ಪ್ರತಿಯೊಬ್ಬರ ಕೀಲು, ಮೂಳೆ, ಸ್ನಾಯುಗಳಿಗೆ ಅವುಗಳದ್ದೇ ಒಂದು ಓಟದ ದಾರಿ ಇದೆ. ಆ ದಾರಿಗೆ ಅಡ್ಡ ಬರದ ಶೂ ಹಿತವೆನಿಸುತ್ತದೆ. ಅಡ್ಡ ಬಂದರೆ ಸ್ನಾಯುಗಳು ಅದರ ಜೊತೆ ಜಗಳಾಡಿ ದಣಿಯುತ್ತವೆ. ನಿಗ್ ಅವರ ವಾದದ ಸಾರ ಇದು, ನನಗೂ ಇದೇ ಸರಿ ಎನಿಸುತ್ತದೆ.

ಅಳತೆ, ಮತ್ತೆ ಅಳತೆ

ಹಾಗಾಗಿ ನಾನೀಗ ಪಾದದ ಜಾತಿಗಿಂತ ಪಾದದ ಅಳತೆಗೆ ಜಾಸ್ತಿ ಬೆಲೆ ಕೊಡುತ್ತೇನೆ. ನಮ್ಮ ಊರಿನ ಹೆಚ್ಚಿನವರು ಎಡವುವುದು ಇಲ್ಲೇ.

ಕಾರಣ ಇದೆ. ನಾವು ಚಿಕ್ಕಂದಿನಿಂದ ಬರಿಗಾಲು, ಹವಾಯಿ ಚಪ್ಪಲಿ ಎಂದು ಬೆಳೆದವರು. ಬೆರಳುಗಳು ಬಿಡಿಸಿಕೊಂಡೇ ಬೆಳೆದಿವೆ. ಶೂಗಳು ಬರುವುದು ಯುರೋಪು, ಅಮೆರಿಕದ ಪಾದಗಳ ಅಚ್ಚಿನಲ್ಲಿ. ಚೆನ್ನೈನ ಸೆಂಟ್ರಲ್ ಲೆದರ್ ರಿಸರ್ಚ್ ಇನ್‌ಸ್ಟಿಟ್ಯೂಟ್ 2021ರ ಕೊನೆ ಮತ್ತು 2022ರ ಶುರುವಿನಲ್ಲಿ ದೇಶದ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಯಿತು. ಅದರಲ್ಲಿ ಕಂಡದ್ದು, ಭಾರತೀಯರ ಪಾದ ಪಾಶ್ಚಾತ್ಯರ ಪಾದಕ್ಕಿಂತ ಅಗಲ. ಅಗಲ ಸಾಲದ್ದಕ್ಕೆ ನಾವು ಉದ್ದ ಜಾಸ್ತಿ ಇರುವ ಶೂ ಕೊಂಡು, ಲೇಸ್ ಬಿಗಿದು ಹೊಂದಿಸಿಕೊಳ್ಳುತ್ತೇವೆ. ಈ ಅಧ್ಯಯನದಿಂದಲೇ ನಮ್ಮ ದೇಶಕ್ಕೆ 'ಭ' ಎಂಬ ಹೊಸ ಅಳತೆಯ ಕ್ರಮವೊಂದನ್ನು ಸೂಚಿಸಿದ್ದಾರೆ. 'ಭಾರತ'ದ ಭ.

ಅಳೆಯುವುದಕ್ಕೆ ಯಂತ್ರ ಬೇಡ. ಹಳೇ ಕ್ಯಾಲೆಂಡರಿನ ಒಂದು ಹಾಳೆ ಹರಿದು, ಹಿಂಬದಿ ಮೇಲೆ ಬರುವ ಹಾಗೆ ಗೋಡೆಗೆ ತಾಗಿಸಿ ನೆಲದಲ್ಲಿ ಇಡಿ. ಹಿಮ್ಮಡಿ ಗೋಡೆಗೆ ಮುಟ್ಟುವ ಹಾಗೆ ಅದರ ಮೇಲೆ ನಿಲ್ಲಿ. ಕೂತಲ್ಲ, ನಿಂತೇ. ತೂಕ ಬಿದ್ದಾಗ ಪಾದ ಉದ್ದವೂ ಆಗುತ್ತದೆ, ಅಗಲವೂ ಆಗುತ್ತದೆ. ಸಂಜೆ ಹೊತ್ತು ಆದರೆ ಒಳ್ಳೆಯದು, ದಿನವಿಡೀ ನಿಂತು ನಡೆದು ಪಾದ ಸ್ವಲ್ಪ ಉಬ್ಬಿರುತ್ತದೆ. ಓಡುವಾಗಲೂ ಹಾಗೇ ಉಬ್ಬುವುದು. ಇನ್ನೊಬ್ಬರು ಪೆನ್ಸಿಲನ್ನು ನೇರ ಹಿಡಿದು ಸುತ್ತಲೂ ಗೆರೆ ಎಳೆಯಲಿ. ಪೆನ್ಸಿಲ್ ಒಳಕ್ಕೆ ವಾಲಿದರೆ ಅಳತೆ ಕಡಿಮೆ ಬರುತ್ತದೆ. ಎರಡೂ ಪಾದಕ್ಕೆ ಮಾಡಿ. ಒಂದು ಸ್ವಲ್ಪ ದೊಡ್ಡದಿರುವುದು ಮಾಮೂಲು, ಶೂ ಕೊಳ್ಳುವುದು ದೊಡ್ಡದಕ್ಕೆ. ಅತಿ ಉದ್ದದ ಬೆರಳಿನ ತುದಿಯವರೆಗೆ ಉದ್ದ ಅಳೆಯಿರಿ. ಎಲ್ಲರಿಗೂ ಅದು ಹೆಬ್ಬೆರಳೇ ಆಗಬೇಕೆಂದಿಲ್ಲ, ಕೆಲವರಿಗೆ ಪಕ್ಕದ ಬೆರಳೇ ಉದ್ದ. ಹೆಬ್ಬೆರಳಿನ ಬುಡದ ಉಬ್ಬಿನಿಂದ ಕಿರುಬೆರಳಿನ ಬುಡದವರೆಗಿನದು ಅಗಲ.

ಈಗ ಈ ಹಾಳೆಯೇ ನಿಮ್ಮ ಆಧಾರ. ಅಂಗಡಿಯಲ್ಲಿ ಶೂನ ಇನ್‌ಸೋಲ್ ಎಳೆದು ತೆಗೆದು ಚಿತ್ರದ ಮೇಲೆ ಇಡಿ. ಹೆಚ್ಚಿನ ಓಟದ ಶೂಗಳಲ್ಲಿ ಅದು ಸುಲಭವಾಗಿ ಹೊರಗೆ ಬರುತ್ತದೆ. ಗೆರೆ ಇನ್‌ಸೋಲಿನಿಂದ ಹೊರಗೆ ಚಾಚಿದರೆ ಆ ಶೂ ನಿಮ್ಮದಲ್ಲ, ಎಷ್ಟೇ ರಿಯಾಯಿತಿ ಇರಲಿ. ಮುಂದೆ ಕೈಯ ಒಂದು ಹೆಬ್ಬೆರಳಿನ ಅಗಲ, ಅಂದರೆ ಒಂದರಿಂದ ಒಂದೂವರೆ ಸೆಂಟಿಮೀಟರ್ ಜಾಗ ಇರಬೇಕು. ಪೊಸಡಿಗುಂಪೆಯಂಥ ಗುಡ್ಡದಿಂದ ಇಳಿಯುವಾಗ ಪಾದ ಶೂ ಒಳಗೆ ಮುಂದಕ್ಕೆ ಜಾರುತ್ತದೆ. ಜಾಗ ಇಲ್ಲದಿದ್ದರೆ ಉಗುರು ಮುಂದಿನ ಗೋಡೆಗೆ ಬಡಿದು ಬಡಿದು ಕಪ್ಪಾಗುತ್ತದೆ.

ನಂಬರಿನ ಮೇಲೆ ಹಟ ಬೇಡ. ನಮ್ಮಲ್ಲಿ ಹೆಚ್ಚಾಗಿ ಬಳಸುವ ಯುಕೆ ಅಳತೆಯಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಇಂಚಿನ ಮೂರನೇ ಒಂದು ಭಾಗ, ಸುಮಾರು 8.5 ಮಿಲಿಮೀಟರ್ ವ್ಯತ್ಯಾಸ. ಚಪ್ಪಲಿಯಲ್ಲಿ 6 ಹಾಕುವವರಿಗೆ ಓಟದ ಶೂನಲ್ಲಿ 7 ಸರಿಯಾಗಬಹುದು. ಕಂಪನಿಯಿಂದ ಕಂಪನಿಗೂ ಬದಲಾಗುತ್ತದೆ. ಬಾಕ್ಸಿನ ಮೇಲೆ ಸೆಂಟಿಮೀಟರ್ ಲೆಕ್ಕ ಬರೆದಿದ್ದರೆ ಅದು ನಂಬರಿಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಅಗಲಕ್ಕೆ ಅಕ್ಷರಗಳಿವೆ. ಗಂಡಸರ ಶೂನಲ್ಲಿ ಡಿ ಎಂದರೆ ಸಾಧಾರಣ, 2ಇ ಅಗಲ, 4ಇ ತುಂಬಾ ಅಗಲ. ಹೆಂಗಸರ ಶೂನಲ್ಲಿ ಬಿ ಸಾಧಾರಣ, ಡಿ ಅಗಲ. ಸರಿಯಾಗಿ ಗಮನಿಸಿ, ಹೆಂಗಸರ ಅಗಲ ಎಂದರೆ ಗಂಡಸರ ಸಾಧಾರಣ ಅಷ್ಟೆ. ಸಣ್ಣ ಪೇಟೆಯ ಅಂಗಡಿಗಳಲ್ಲಿ ಹೆಂಗಸರ ಅಗಲದ ಶೂ ಸಿಗುವುದೇ ಕಷ್ಟ. ನನಗೆ ಹಿಡಿಸಿದ್ದು ಗಂಡಸರ ಕಪಾಟಿನ ಒಂದು ನ್ಯೂಟ್ರಲ್ ಶೂ. ಬಣ್ಣ ಬೂದಿ. ಅಂಗಡಿಯವರು ಗುಲಾಬಿ ಬಣ್ಣದ್ದನ್ನೇ ಮತ್ತೆ ಮತ್ತೆ ಮುಂದಿಡುತ್ತಿದ್ದರು. ಬೂದಿ ಬಣ್ಣದ ಆ ಶೂನಲ್ಲಿ ನನ್ನ ಐದೂ ಬೆರಳು ಮೊದಲ ಸಲ ಆರಾಮಾಗಿ ಕೂತವು. ಅಕ್ಕತಂಗಿಯರೇ, ಯಾವ ಕಪಾಟು ಎಂದು ನೋಡಬೇಡಿ.

ಅಂಗಡಿಯಲ್ಲಿ ಕೂತು ಹಾಕಿ ನೋಡಿದರೆ ಸಾಲದು. ಓಡುವಾಗ ಹಾಕುವ ಸಾಕ್ಸನ್ನೇ ತೆಗೆದುಕೊಂಡು ಹೋಗಿ, ಎರಡೂ ಶೂ ಕಟ್ಟಿ, ಅಂಗಡಿಯ ಎದುರಿನ ಜಾಗದಲ್ಲಿ ಸ್ವಲ್ಪ ಓಡಿ. ಸಂಕೋಚ ಮಾಡಬೇಡಿ. "ಹಾಕಿ ಹಾಕಿ ಸರಿಯಾಗುತ್ತದೆ" ಎಂದು ಹೇಳಿದರೆ ನಂಬಬೇಡಿ. ಆ ಮಾತು ಚರ್ಮದ ಚಪ್ಪಲಿಗೆ ಸರಿ. ಓಟದ ಶೂ ಮೊದಲ ಹೆಜ್ಜೆಯಿಂದಲೇ ಹಿತವಾಗಿರಬೇಕು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲಾ ಸಿಕ್ಕಿದ ಶೂ ಕಾಲಿಗೆ ಹಿಡಿಸಲಿಲ್ಲವೆಂದು ಬರಿಗಾಲಲ್ಲೇ ಮ್ಯಾರಥಾನ್ ಓಡಿ ಚಿನ್ನ ಗೆದ್ದರು. ನಾಲ್ಕು ವರ್ಷ ಬಿಟ್ಟು ಟೋಕಿಯೋದಲ್ಲಿ ಶೂ ಹಾಕಿಯೇ ಮತ್ತೆ ಗೆದ್ದರು.

ಕಮಾನಿನ ಲೆಕ್ಕ ನಿಜವಾಗಿ ಉಪಯೋಗಕ್ಕೆ ಬರುವುದು ಲೇಸಿನಲ್ಲಿ. ಕಮಾನು ಎತ್ತರ ಇದ್ದವರಿಗೆ ಪಾದದ ಮೇಲ್ಭಾಗವೂ ಉಬ್ಬಿರುತ್ತದೆ. ಲೇಸ್ ಕಟ್ಟಿದರೆ ಅಲ್ಲಿ ಒತ್ತಿ, ಬೆರಳು ಜೋಮು ಹಿಡಿಯುತ್ತದೆ. ಆ ಉಬ್ಬಿನ ಮೇಲೆ ಬರುವ ಒಂದು ಜೊತೆ ತೂತಿನಲ್ಲಿ ಲೇಸನ್ನು ಅಡ್ಡ ಹಾಕದೆ, ಪಕ್ಕದಲ್ಲೇ ನೇರ ಮೇಲಕ್ಕೆ ಏರಿಸಿ. ಒತ್ತಡ ಅಲ್ಲೇ ಬಿಡುತ್ತದೆ. ಇನ್ನು ಮುಂದೆ ಅಗಲ, ಹಿಂದೆ ಸಪೂರ ಪಾದದವರಿಗೆ ಹಿಮ್ಮಡಿ ಎದ್ದೆದ್ದು ಬರುತ್ತದೆ. ಶೂನ ತೀರಾ ಮೇಲೆ, ಸುಮ್ನೆ ಇದ್ದ ಹಾಗೆ ಕಾಣುವ ಒಂದು ಹೆಚ್ಚಿನ ತೂತು ಇರುತ್ತದೆ ನೋಡಿ. ಅದು ಅಲಂಕಾರಕ್ಕಲ್ಲ. ಲೇಸನ್ನು ಅದೇ ಬದಿಯ ಆ ತೂತಿಗೆ ತೂರಿಸಿ ಸಣ್ಣ ಕುಣಿಕೆ ಮಾಡಿ, ಎದುರು ಬದಿಯ ತುದಿಯನ್ನು ಆ ಕುಣಿಕೆಯೊಳಗೆ ಹಾಯಿಸಿ ಎಳೆಯಿರಿ. ಹಿಮ್ಮಡಿ ಹಿಡಿದು ಕೂರುತ್ತದೆ.

ನಮ್ಮ ನೆಲ, ನಮ್ಮ ಮಳೆ

ಇನ್ನು ಶೂನ ಸೋಲ್, ಅಂದರೆ ತಳದ ವಿಷಯ. ನಡುವಿನ ದಪ್ಪ ಪದರ ಹೆಚ್ಚಾಗಿ ಇವಿಎ ಎಂಬ ಹಗುರ ಫೋಮ್. ಹಿಮ್ಮಡಿಯ ಕೆಳಗಿನ ದಪ್ಪಕ್ಕೂ ಬೆರಳಿನ ಕೆಳಗಿನ ದಪ್ಪಕ್ಕೂ ಇರುವ ವ್ಯತ್ಯಾಸವನ್ನು ಡ್ರಾಪ್ ಎನ್ನುತ್ತಾರೆ, ಅದು ಸೊನ್ನೆಯಿಂದ ಸುಮಾರು 12 ಮಿಲಿಮೀಟರ್‌ವರೆಗೆ ಇರುತ್ತದೆ. ಡ್ರಾಪ್ ಕಡಿಮೆಯಾದರೆ ಮೀನಖಂಡಕ್ಕೂ ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿಗೂ (ಟೆಂಡನ್) ಕೆಲಸ ಜಾಸ್ತಿ. ಜಾಸ್ತಿಯಾದರೆ ಮೊಣಕಾಲಿಗೆ. ಹಾಗಾಗಿ 10ರಲ್ಲಿ ಓಡುತ್ತಿದ್ದವರು ಒಮ್ಮೆಲೇ 4ಕ್ಕೆ ಹಾರಬೇಡಿ. ಕಾರ್ಬನ್ ಪಟ್ಟಿ ಇರುವ ದುಬಾರಿ ರೇಸಿನ ಶೂಗಳು ನಮಗೆ, ಅಂದರೆ ವಾರಕ್ಕೆ ಮೂರು ದಿನ ಓಡುವವರಿಗೆ ಬೇಡ.

ಎಲ್ಲಿ ಓಡುತ್ತೀರಿ ಎನ್ನುವುದು ದೊಡ್ಡ ಪ್ರಶ್ನೆ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಅಗಲವಾದ ಮೇಲೆ ಸರ್ವೀಸ್ ರಸ್ತೆಯಲ್ಲಿ ಓಡುವವರಿದ್ದಾರೆ. ಡಾಂಬರು, ಕಾಂಕ್ರೀಟಿಗೆ ಸ್ವಲ್ಪ ಮೆತ್ತನೆಯ ಸೋಲ್ ಹಿತ. ಪದವಿನ, ಅಂದರೆ ಗುಡ್ಡದ ಮೇಲಿನ ಬಯಲಿನ ಮುರಕಲ್ಲಿನ ಮೇಲೆ ಅದೇ ಮೆತ್ತನೆ ಸೋಲ್ ಆದರೆ ಕಣಕಾಲು ಹೊರಳುವ ಭಯ. ಅಲ್ಲಿಗೆ ತಗ್ಗಿನ, ಅಗಲ ಬುಡದ, ಹಿಡಿತದ ರಬ್ಬರ್ ಇರುವ ಶೂ ಬೇಕು. ಕಣ್ವತೀರ್ಥದ ಒದ್ದೆ ಮರಳು ಚಂದ, ಆದರೆ ದಡ ಕಡಲಿನ ಕಡೆಗೆ ಇಳಿಜಾರು. ಹೋಗುವಾಗಲೂ ಬರುವಾಗಲೂ ಅದೇ ದಡದಲ್ಲಿ ಓಡಿ, ಆಗ ಎರಡೂ ಕಾಲಿಗೆ ಸಮ ಆಗುತ್ತದೆ.

ಜೂನ್ ಬಂದ ಮೇಲೆ ಎಲ್ಲವೂ ಬೇರೆ. ಮುರಕಲ್ಲಿನ ಮೆಟ್ಟಿಲು, ಪಾಚಿ ಹಿಡಿದ ಕಾಂಕ್ರೀಟು, ತೋಟದ ಸಂಕ (ಕಾಲುಸೇತುವೆ), ಯಾವ ರಬ್ಬರೂ ಅವುಗಳ ಮೇಲೆ ನಿಲ್ಲುವುದಿಲ್ಲ. ಅಲ್ಲಿ ನಡೆಯಿರಿ. ನೀರು ಒಳಗೆ ಹೋಗದ ಶೂ ಎಂದು ಮಾರುವುದನ್ನು ನಮ್ಮ ಮಳೆಗೆ ಕೊಳ್ಳಬೇಡಿ. ನೀರು ಮೇಲಿನ ಬಾಯಿಯಿಂದಲೇ ಹೋಗುತ್ತದೆ, ಆಮೇಲೆ ಹೊರಗೆ ಬರುವುದಿಲ್ಲ. ಬಲೆಯಂಥ ಬಟ್ಟೆಯ ಶೂನಿಂದ ಅದು ಬೇಗ ಸೋರಿಹೋಗುತ್ತದೆ. ಒದ್ದೆ ಶೂವನ್ನು ಒಲೆಯ ಪಕ್ಕದಲ್ಲೋ ಅಡಿಕೆ ಒಣಗಿಸುವ ಬೆಂಕಿಯ ಹತ್ತಿರವೋ ಇಟ್ಟರೆ ಅಂಟು ಬಿಡುತ್ತದೆ, ಫೋಮ್ ಕುಗ್ಗುತ್ತದೆ. ಇನ್‌ಸೋಲ್ ಹೊರಗೆ ತೆಗೆದು, ಒಳಗೆ ಹಳೇ ಪೇಪರ್ ತುರುಕಿ, ಫ್ಯಾನಿನ ಕೆಳಗೆ ಇಡಿ. ಒಂದೆರಡು ಗಂಟೆಗೆ ಪೇಪರ್ ಬದಲಿಸಿ.

ಅನುಕೂಲ ಇದ್ದರೆ ಎರಡು ಜೊತೆ ಇಟ್ಟುಕೊಂಡು ಬದಲಾಯಿಸಿ ಹಾಕುವುದು ಒಳ್ಳೆಯದು. ಮಳೆಗಾಲದಲ್ಲಿ ಒಣಗಲು ಸಮಯ ಸಿಗುತ್ತದೆ ಎನ್ನುವುದು ಒಂದು. ಬೇರೆ ಬೇರೆ ಶೂ ಬದಲಿಸಿ ಓಡುವವರಿಗೆ ಗಾಯ, ನೋವು ಕಡಿಮೆ ಎಂದು ಲಕ್ಸೆಂಬರ್ಗಿನ ತಂಡದ 2015ರ ಅಧ್ಯಯನವೂ ತೋರಿಸಿದೆ. ಭಾರ ದಿನವೂ ಒಂದೇ ಜಾಗಕ್ಕೆ ಬೀಳುವುದಿಲ್ಲ. 500ರಿಂದ 800 ಕಿಲೋಮೀಟರ್ ಆಗುವಾಗ ಫೋಮಿನ ಜೀವ ಹೋಗಿರುತ್ತದೆ, ಮೇಲೆ ಶೂ ಹೊಸದರ ಹಾಗೇ ಕಂಡರೂ. ಇನ್ನೊಂದು, ಪಾಲಿಯುರೆಥೇನ್ ಸೋಲಿನ ಶೂ ನಮ್ಮ ಸೆಕೆ, ತೇವಕ್ಕೆ ಕಪಾಟಿನಲ್ಲಿ ಕೂತಲ್ಲೇ ಹಾಳಾಗುತ್ತದೆ. ಎರಡು ಮೂರು ವರ್ಷ ಮುಟ್ಟದೆ ಇಟ್ಟ ಶೂ ಹಾಕಿದ ದಿನವೇ ಹುಡಿಹುಡಿಯಾಗುವುದನ್ನು ನೀವೂ ನೋಡಿರಬಹುದು. ಮದುವೆಗೆ, ಹಬ್ಬಕ್ಕೆ ಎಂದು ಎತ್ತಿಡಬೇಡಿ, ಹಾಕಿ ಓಡಿ.

ಮಕ್ಕಳು, ಹಿರಿಯರು

ಮಗುವಿನ ಪಾದ ಚಪ್ಪಟೆ ಇದೆ, ವಿಶೇಷ ಶೂ ಬೇಕಾ ಎಂದು ಶಾಲೆಯಲ್ಲಿ ತಾಯಂದಿರು ಕೇಳುತ್ತಾರೆ. ಸಣ್ಣ ಮಕ್ಕಳ ಪಾದ ಚಪ್ಪಟೆಯೇ ಇರುವುದು. ಬೆಳೆಯುತ್ತಾ ಕಮಾನು ಮೂಡುತ್ತದೆ. ಇದರ ಬಗ್ಗೆ ಲೋಕವೆಲ್ಲ ಉಲ್ಲೇಖಿಸುವ ಅಧ್ಯಯನ ನಮ್ಮ ಪಕ್ಕದ ಕರಾವಳಿಯದು ಎನ್ನುವುದು ನನಗೆ ಹೆಮ್ಮೆ. ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ವೈದ್ಯರಾದ ರಾವ್ ಮತ್ತು ಜೋಸೆಫ್ 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆಯ ಅಚ್ಚು ತೆಗೆದು 1992ರಲ್ಲಿ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ನೂರಕ್ಕೆ 8.6. ಹಾಕದವರಲ್ಲಿ 2.8. ಬೆರಳು ಮುಚ್ಚುವ ಶೂ ಹಾಕುವವರಲ್ಲಿ ಚಪ್ಪಲಿಯವರಿಗಿಂತ ಜಾಸ್ತಿ. ಹಾಗಾಗಿ ಮಕ್ಕಳನ್ನು ಅಂಗಳದಲ್ಲಿ, ಗದ್ದೆಯಲ್ಲಿ ಬರಿಗಾಲಲ್ಲಿ ಆಡಲು ಬಿಡಿ ಎಂದೇ ನಾನು ತಾಯಂದಿರಿಗೆ ಹೇಳುವುದು. ಮಗುವಿಗೆ ನೋವಿದ್ದರೆ, ಕುಂಟುತ್ತಿದ್ದರೆ ಮಾತ್ರ ವೈದ್ಯರು.

ದೊಡ್ಡವರಲ್ಲೂ ಒಂದು ಎಚ್ಚರ ಬೇಕು. ಇಷ್ಟು ವರ್ಷ ಸರಿಯಿದ್ದ ಕಮಾನು ಒಂದೇ ಕಾಲಿನಲ್ಲಿ ಕುಸಿಯುತ್ತಾ ಬಂದು, ಒಳ ಕಣಕಾಲಿನ ಹತ್ತಿರ ಊದಿ ನೋವಿದ್ದರೆ, ಅದು ಕಮಾನನ್ನು ಎತ್ತಿ ಹಿಡಿಯುವ ಸ್ನಾಯುರಜ್ಜು ಸೋಲುತ್ತಿರುವ ಲಕ್ಷಣ ಇರಬಹುದು. ಶೂ ಅಂಗಡಿಗೆ ಹೋಗುವ ಕೆಲಸ ಅಲ್ಲ ಅದು.

ಹಿತವೆನಿಸುವ ಶೂ ಆರಿಸಿ ಎಂದು ಇಷ್ಟು ಹೊತ್ತು ಹೇಳಿದೆ. ಆ ಮಾತು ಸಲ್ಲದ ಜನ ಇದ್ದಾರೆ. ಸಕ್ಕರೆ ಕಾಯಿಲೆ ಹಳತಾದರೆ ಪಾದದ ಸ್ಪರ್ಶ ಕಡಿಮೆಯಾಗುತ್ತದೆ. ಶೂ ಕಚ್ಚಿದರೂ, ಬೊಕ್ಕೆ ಬಂದರೂ ಗೊತ್ತಾಗುವುದಿಲ್ಲ. ನಮ್ಮ ಅಮ್ಮನಿಗೆ ಹಾಗೆ ಆಗಿದೆ. ಅವರಿಗೆ ಶೂ ಕೊಳ್ಳುವಾಗ "ಹಿತ ಉಂಟಾ" ಎಂದು ಕೇಳಿದರೆ ಎಲ್ಲದಕ್ಕೂ "ಉಂಟು" ಎನ್ನುತ್ತಿದ್ದರು. ಕ್ಯಾಲೆಂಡರಿನ ಹಾಳೆ ಕೆಲಸಕ್ಕೆ ಬಂದದ್ದು ಆಗ. ಮಗಳು ಅಜ್ಜಿಯ ಪಾದದ ಸುತ್ತ ಗೆರೆ ಎಳೆದಳು, ನಾಲ್ಕನೇ ಜೊತೆಯ ಇನ್‌ಸೋಲ್ ಅದರ ಮೇಲೆ ಸರಿ ಕೂತಿತು. ಎತ್ತರದ ಕಮಾನಿಗೆ ನಡುವಿನ ಲೇಸ್ ಬಿಟ್ಟು ಕಟ್ಟಿದೆವು. ಒಳಗೆ ಹೊಲಿಗೆಯ ಗಂಟು ಇಲ್ಲವೆಂದು ಬೆರಳಾಡಿಸಿ ನೋಡಿದೆವು. ದಿನವೂ ಬೆಳಿಗ್ಗೆ ಅಮ್ಮ ಹಾಲಿನ ಸೊಸೈಟಿಗೆ ಹೊರಡುವ ಮೊದಲು ಮಗಳು ಆ ಶೂ ಒಳಗೆ ಕೈ ಹಾಕಿ ನೋಡಿ ಕೊಡುತ್ತಾಳೆ, ಸಂಜೆ ಅಂಗಾಲು ನೋಡುತ್ತಾಳೆ. ಒಂದು ದಿನ ನಾವು ಯಾರೂ ಮನೆಯಲ್ಲಿ ಇರಲಿಲ್ಲ, ಯಾರೂ ನೋಡಲಿಲ್ಲ. ಮರುದಿನ ಬೆಳಿಗ್ಗೆ ಮಗಳ ಕೈಗೆ ಒಳಗಿನಿಂದ ಮುರಕಲ್ಲಿನ ಚೂರೊಂದು ಸಿಕ್ಕಿತು. ಕಡಲೆಕಾಳಿನಷ್ಟು ದೊಡ್ಡದು. ಅಮ್ಮ ಹಿಂದಿನ ದಿನ ಹೋಗಿ ಬರುವ ದಾರಿಯುದ್ದಕ್ಕೂ ಅದರ ಮೇಲೆಯೇ ನಡೆದಿದ್ದರು.